ವಿಹಾರ, ಪ್ರಮಾದ ಮತ್ತು ಅಹಿಂಸೆ

ಜೈನ ಪರಿಭಾಷೆಯಲ್ಲಿ ‘ವಿಹಾರ’ ಎಂಬ ಶಬ್ದಕ್ಕೆ ಒಂದು ವಿಶಿಷ್ಟವಾದ ಅರ್ಥವಿದೆ. ಮುನಿಗಳು ಊರಿಂದೂರಿಗೆ ಬರಿಗಾಲಿನಲ್ಲಿ ನಡೆದು ಹೋಗುವುದನ್ನು ನಾವು ವಿಹಾರವೆನ್ನುತ್ತೇವೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಯಾವ ಜೀವಿಯ ಮೇಲೂ ಪಾದ ಬೀಳದಂತೆ ಸಾಗುವ ಆ ಎಚ್ಚರಕ್ಕೆ ಈರ್ಯಾಸಮಿತಿಯೆಂದು ಹೆಸರು. ಲೋಕರೂಢಿಯಲ್ಲಿ ಅದೇ ಶಬ್ದಕ್ಕೆ ಮನಸ್ಸಿನ ಉಲ್ಲಾಸಕ್ಕಾಗಿ ಸುತ್ತಾಡುವುದು ಎಂಬ ಅರ್ಥವೂ ಇದೆ. ಮೊದಲನೆಯ ವಿಹಾರದ ನಿಯಮಗಳನ್ನು ಆಚಾರ್ಯರು ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಎರಡನೆಯದರ ಬಗೆಗೆ ನಮ್ಮ ಪ್ರವಚನ ಮಂಟಪಗಳಲ್ಲಿ ಚರ್ಚೆ ನಡೆಯುವುದು ಅಪರೂಪ. ಶ್ರಾವಕನ ಆಹಾರ, ವ್ಯಾಪಾರ, ದಾನ ಇವುಗಳ ಶುದ್ಧಿಯ ಕುರಿತು ಬಹಳಷ್ಟು ಮಾತನಾಡುತ್ತೇವೆ. ಆದರೆ ರಜೆಯಲ್ಲಿ ವಿಮಾನವೇರಿ ಪರದೇಶಕ್ಕೆ ಹೋಗಿ ಬಂದ ಮಕ್ಕಳನ್ನು ನಾವು ಕೇಳುವುದು ಒಂದೇ ಪ್ರಶ್ನೆ: “ಈರುಳ್ಳಿ ಹಾಕದ ಊಟ ಸಿಕ್ಕಿತೇ?” ಅಲ್ಲಿ ಏನು ಮಾಡಿದಿರಿ, ಅದರಿಂದ ಯಾವ ಜೀವಕ್ಕೆ ಏನಾಯಿತು ಎಂದು ಕೇಳುವುದಿಲ್ಲ.

ಈ ಪ್ರಶ್ನೆಯನ್ನು ನಾನೂ ಕೇಳಿದವನಲ್ಲ. ಕೇಳುವಂತೆ ಮಾಡಿದ ಒಂದು ಪ್ರಸಂಗವನ್ನು ಓದುಗರ ಮುಂದಿಟ್ಟು, ಅದರ ಬೆಳಕಿನಲ್ಲಿ ಪ್ರಮಾದ ಎಂಬ ತತ್ತ್ವವನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

2024ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಕಿರಿಯ ಮಗ ಮತ್ತು ಸೊಸೆ ನಮ್ಮಿಬ್ಬರನ್ನೂ ಇಂಡೊನೇಷ್ಯಾ ದೇಶದ ನುಸಾ ಪೆನಿಡಾ ಎಂಬ ದ್ವೀಪಕ್ಕೆ ಕರೆದೊಯ್ದರು. ಚಾತುರ್ಮಾಸದ ಕಾಲವದು. ಮಳೆಗಾಲದಲ್ಲಿ ಜೀವರಾಶಿ ಹೆಚ್ಚಾಗಿರುವುದೆಂದು ಮುನಿಗಳು ಒಂದೆಡೆ ನೆಲೆನಿಂತಿರುವಾಗ ನಾವು ಸಮುದ್ರ ದಾಟಿ ಹೊರಟಿದ್ದೆವು. ಮಗನಿಗೆ ಸ್ಕೂಬಾ ಡೈವಿಂಗ್ ಎಂಬ ಹವ್ಯಾಸವಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರಿಂದ ಉಸಿರಾಡುತ್ತ ಸಮುದ್ರದೊಳಗೆ ಇಳಿದು ಅಲ್ಲಿಯ ಜೀವಲೋಕವನ್ನು ನೋಡಿ ಬರುವುದೇ ಈ ಕ್ರೀಡೆ. ಮೀನು ಹಿಡಿಯುವ ಕ್ರೀಡೆಯಾಗಿದ್ದರೆ ನಾನು ಮನೆಯಲ್ಲೇ ತಡೆಯುತ್ತಿದ್ದೆ. “ನೋಡುವುದಷ್ಟೇ, ಅಪ್ಪಾ. ಏನನ್ನೂ ಮುಟ್ಟುವಂತಿಲ್ಲ” ಎಂದು ಅವನು ಹೇಳಿದ್ದರಿಂದ ಸಮ್ಮತಿಸಿದ್ದೆ.

ನುಸಾ ಪೆನಿಡಾ ಬಾಲಿ ದ್ವೀಪದ ಆಗ್ನೇಯಕ್ಕಿದೆ. ಅದರ ಪೂರ್ವಕ್ಕೆ ಲೊಂಬಾಕ್ ಜಲಸಂಧಿ. ಪೆಸಿಫಿಕ್ ಸಾಗರದ ನೀರಿನ ಮಟ್ಟ ಅಲ್ಲಿ ಹಿಂದೂ ಮಹಾಸಾಗರದ ಮಟ್ಟಕ್ಕಿಂತ ತುಸು ಎತ್ತರವಿರುವುದರಿಂದ, ಇಂಡೊನೇಷ್ಯಾದ ದ್ವೀಪಗಳ ನಡುವಿನ ಸಂದುಗಳ ಮೂಲಕ ನೀರು ಸದಾ ದಕ್ಷಿಣಕ್ಕೆ ಹರಿಯುತ್ತಿರುತ್ತದೆ. 2004ರಿಂದ 2006ರವರೆಗೆ ವಿಜ್ಞಾನಿಗಳು ಅಳೆದು ನೋಡಿದಂತೆ ಈ ಹರಿವಿನ ಒಟ್ಟು ಮೊತ್ತ ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ ಘನಮೀಟರ್. ಲೊಂಬಾಕ್ ಸಂದಿನ ಮೂಲಕವೇ ಸರಾಸರಿ 26 ಲಕ್ಷ ಘನಮೀಟರ್ ಹಾದುಹೋಗುತ್ತದೆ. ಇದರ ಮೇಲೆ ದಿನದಿನದ ಉಬ್ಬರವಿಳಿತ ಸೇರಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳವು ಅತ್ಯಂತ ಬಲವಾಗುತ್ತದೆ. ದ್ವೀಪದ ಅಂಚಿನ ಹವಳದಿಬ್ಬಗಳಿಗೆ ತಾಗಿದ ನೀರು ಕೆಲವೆಡೆ ಮೇಲಕ್ಕೇಳುತ್ತದೆ, ಕೆಲವೆಡೆ ಪಾತಾಳಕ್ಕೆ ಎಳೆಯುತ್ತದೆ. ಆಳದಿಂದ ಮೇಲೇರುವ ತಣ್ಣೀರಿನಿಂದಲೇ ಆ ಸಮುದ್ರ ಜೀವಸಮೃದ್ಧವಾಗಿದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಸೂರ್ಯಮೀನು ಎಂಬ ದೈತ್ಯ ಮತ್ಸ್ಯಗಳು ಆಳದಿಂದ ಬಂದು, ಚಿಕ್ಕ ಮೀನುಗಳಿಂದ ಮೈಮೇಲಿನ ಪರೋಪಜೀವಿಗಳನ್ನು ತೆಗೆಸಿಕೊಂಡು ಹೋಗುತ್ತವೆ. ಒಂದು ಜೀವಿಯ ಉಪಕಾರ ಮತ್ತೊಂದಕ್ಕೆ ಎಂಬ ನಮ್ಮ ಸಿದ್ಧಾಂತಕ್ಕೆ ಇದು ಉದಾಹರಣೆಯೆಂದು ಆ ದಿನಗಳಲ್ಲಿ ನಾನು ಸಂತೋಷಪಟ್ಟಿದ್ದುಂಟು.

ಈ ವಿದ್ಯೆಯ ಶಿಸ್ತನ್ನು ಮಗ ವಿವರಿಸಿದಾಗ ನನಗೆ ಗೌರವವೇ ಉಂಟಾಯಿತು. ಹತ್ತು ಮೀಟರ್ ಇಳಿದಂತೆಲ್ಲ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಉಸಿರನ್ನು ಎಂದೂ ಹಿಡಿದಿಡಬಾರದು. ಮೇಲೇರುವಾಗ ಆತುರ ಕೂಡದು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಡೆದು ನಿಲ್ಲಬೇಕು. ಮುಳುಗದೆ ತೇಲದೆ, ತಕ್ಕಡಿಯ ಮುಳ್ಳು ನಡುವೆ ನಿಂತಂತೆ ನೀರಿನ ಮಧ್ಯೆ ಸಮತೋಲದಲ್ಲಿರುವುದನ್ನು ಎಲ್ಲಕ್ಕಿಂತ ಮೊದಲು ಕಲಿಯಬೇಕು. ಈ ಸಮತೋಲ ತಪ್ಪಿದವನ ಕಾಲು ಹವಳಕ್ಕೆ ಬಡಿಯುತ್ತದೆ. ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ಮುನಿಯ ಈರ್ಯಾಸಮಿತಿಗೂ ಇದಕ್ಕೂ ಒಂದು ದೂರದ ಬಂಧುತ್ವವಿದೆಯೆಂದು ನನಗೆ ತೋರಿತು. ಅವನ ಪ್ರಮಾಣಪತ್ರ ಅನುಮತಿಸುವ ಆಳ ಹದಿನೆಂಟು ಮೀಟರ್.

ಹುಣ್ಣಿಮೆಯ ಮರುದಿನ ಅವರು ಹೋಗಬೇಕಾಗಿದ್ದುದು ಸೆಳವಿಗೆ ಹೆಸರಾದ ಒಂದು ಕೊಲ್ಲಿಗೆ. ಹಿಂದಿನ ಸಂಜೆ ಗೈಡ್ ಬಂದು, “ನಾಳೆ ನೀರು ಬಲವಾಗಿರಬಹುದು. ನಿಮಗೆ ಅನುಮಾನವಿದ್ದರೆ ಬರಬೇಡಿ, ಆದರೆ ಕಟ್ಟಿದ ಹಣ ಹಿಂದಿರುಗುವುದಿಲ್ಲ” ಎಂದು ತಿಳಿಸಿ ಹೋದ. ಮಗ ಹಿಂಜರಿದ. “ನಾಳೆ ಬೇಡವೇನೋ ಅಪ್ಪಾ, ಇಂಥ ನೀರಿನಲ್ಲಿ ನನಗೆ ಅಭ್ಯಾಸ ಸಾಲದು” ಎಂದ. ಆಗ ನಾನು ಹೇಳಿದ ಮಾತು ಇದು: “ಹಣ ಕಟ್ಟಿಯಾಗಿದೆಯಲ್ಲ. ಇಷ್ಟು ದೂರ ಬಂದು ದಡದಲ್ಲಿ ಕೂರುವುದೇ? ಗೈಡ್ ಜೊತೆಗಿರುತ್ತಾನೆ, ಹೋಗಿ ಬಾ.” ಸೊಸೆ ಏನೋ ಹೇಳಲು ಹೊರಟು ಸುಮ್ಮನಾದಳು. ಮಾವನವರು ಹೇಳಿದ ಮೇಲೆ ಮಾತು ಮುಗಿಯಿತೆಂದು ತಿಳಿದಿರಬೇಕು.

ಮರುದಿನ ನಾನೂ ದೋಣಿಯಲ್ಲಿದ್ದೆ. ಅವರು ಇಳಿದ ಜಾಗದಲ್ಲಿ ಸ್ವಲ್ಪ ಹೊತ್ತು ಗುಳ್ಳೆಗಳೇಳುತ್ತಿದ್ದವು. ಆಮೇಲೆ ಅವೂ ಕಾಣದಾದವು. ಇಪ್ಪತ್ತು ನಿಮಿಷ ಕಳೆದ ಮೇಲೆ, ನಾವು ನೋಡುತ್ತಿದ್ದ ದಿಕ್ಕಿನಲ್ಲಲ್ಲ, ಬಹುದೂರ ತೆರೆದ ಸಮುದ್ರದ ಕಡೆ, ಗುರುತಿಗಾಗಿ ಬಿಡುವ ಕಿತ್ತಳೆ ಬಣ್ಣದ ಗಾಳಿಚೀಲ ಕಾಣಿಸಿತು. ದೋಣಿಯವನು ಅಲ್ಲಿಗೆ ಹೋಗಿ ಎತ್ತಿಕೊಂಡ. ಮಗನ ಎರಡೂ ಅಂಗೈಗಳಿಂದ ರಕ್ತ ಸುರಿಯುತ್ತಿತ್ತು. ಅವನು ಮಾತನಾಡಲಿಲ್ಲ.

ರಾತ್ರಿ ತಾನಾಗಿಯೇ ಹೇಳಿದ. ದಿಬ್ಬದ ಒಂದು ತಿರುವಿನಲ್ಲಿ ನೀರು ಇದ್ದಕ್ಕಿದ್ದಂತೆ ತಣ್ಣಗಾಯಿತು. ಮರುಕ್ಷಣದಲ್ಲಿ ಯಾರೋ ಕಾಲು ಹಿಡಿದು ಎಳೆದಂತೆ ಕೆಳಗಿಳಿಯತೊಡಗಿದ. ಮುಂಗೈಗೆ ಕಟ್ಟಿದ ಮಾಪಕ ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತನಾಲ್ಕು ಎಂದು ತೋರಿಸಿತು. ಎರಡೂ ಕೈಗಳಿಂದ ಎದುರಿಗಿದ್ದ ಹವಳವನ್ನು ಹಿಡಿದ. ಕೊಂಬೆ ಮುರಿಯಿತು. ಮತ್ತೊಂದನ್ನು ಹಿಡಿದ. ಅದೂ ಮುರಿಯಿತು. ಮೂರನೆಯದು ನಿಂತಿತು. ಅಷ್ಟರಲ್ಲಿ ಗೈಡ್ ಬಂದು ತೋಳು ಹಿಡಿದು, ಸೆಳವಿಗೆ ಎದುರಾಗಿ ಈಜದೆ ಅಡ್ಡಲಾಗಿ ಸಾಗಿಸಿ ನಿಧಾನವಾಗಿ ಮೇಲಕ್ಕೆ ತಂದ. ಇಷ್ಟನ್ನು ಹೇಳಿ ಅವನು ಕೇಳಿದ: “ಅಪ್ಪಾ, ನೀವು ಶಾಸ್ತ್ರ ಓದಿದ್ದೀರಿ. ನಾನು ಮಾಡಿದ್ದು ಹಿಂಸೆಯೇ?”

“ಪ್ರಾಣ ಉಳಿಸಿಕೊಳ್ಳಲು ಹಿಡಿದೆ, ಅದರಲ್ಲಿ ದೋಷವಿಲ್ಲ, ಮಲಗು” ಎಂದು ಥಟ್ಟನೆ ಉತ್ತರ ಕೊಟ್ಟೆ. ಉತ್ತರ ಕೊಟ್ಟವನಿಗೆ ನಿದ್ರೆ ಬರಲಿಲ್ಲ.

ಮೊದಲನೆಯದಾಗಿ, ಮುರಿದದ್ದು ಏನು? ಮೂಲಾಚಾರದಲ್ಲಿ ಪೃಥ್ವೀಕಾಯದ ಭೇದಗಳನ್ನು ಎಣಿಸುವಲ್ಲಿ ಪ್ರವಾಳವೂ, ಎಂದರೆ ಹವಳವೂ ಸೇರಿದೆ. ನಮ್ಮ ಪೂರ್ವಿಕರ ಕೈಗೆ ಬರುತ್ತಿದ್ದುದು ಒಣಗಿ ಕಲ್ಲಾದ ರತ್ನರೂಪದ ಹವಳ. ಸಮುದ್ರದೊಳಗಿನ ಸಜೀವ ಹವಳವಾದರೋ ಸಾವಿರಾರು ಚಿಕ್ಕ ಪ್ರಾಣಿಗಳ ಒಂದು ಸಂಸಾರ. ಹೆಚ್ಚಿನವುಗಳ ಗಾತ್ರ ಕೆಲವೇ ಮಿಲಿಮೀಟರ್. ಪ್ರತಿಯೊಂದಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಆಹಾರವನ್ನು ಹಿಡಿಯುವ ಎಳೆಗಳು. ಮುಟ್ಟಿದರೆ ಮುದುಡಿಕೊಳ್ಳುತ್ತವೆ. ಶಂಖ, ಸಿಂಪಿ, ಕೃಮಿಗಳನ್ನು ದ್ವೀಂದ್ರಿಯ ಜೀವಿಗಳೆಂದು ಶಾಸ್ತ್ರ ಹೇಳುತ್ತದೆ. ಅದೇ ನ್ಯಾಯದಿಂದ ಇವನ್ನೂ ಕನಿಷ್ಠಪಕ್ಷ ಸ್ಪರ್ಶನ ಮತ್ತು ರಸನ ಎಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಿಗಳೆಂದು ಎಣಿಸಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ. ವಿದ್ವಾಂಸರು ತಿದ್ದಿದರೆ ಸ್ವೀಕರಿಸುವೆನು. ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಕೊಂಬೆಯಂತೆ ಬೆಳೆಯುವವು ಇನ್ನಷ್ಟು ಬೇಗ ಬೆಳೆದರೂ ಒಂದು ಕ್ಷಣದಲ್ಲಿ ಮುರಿದದ್ದನ್ನು ಸಮುದ್ರ ಕಟ್ಟಿಕೊಡಲು ವರ್ಷಗಳು ಬೇಕು.

ಎರಡನೆಯದಾಗಿ, ಇದು ಯಾವ ಬಗೆಯ ಹಿಂಸೆ? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವುದು ನಮ್ಮಲ್ಲಿ ರೂಢಿ. ಕೊಲ್ಲಬೇಕೆಂಬ ಸಂಕಲ್ಪ ಮಗನಿಗಿರಲಿಲ್ಲ. ಅಡಿಗೆ, ಗುಡಿಸುವಿಕೆಗಳಂತಹ ಗೃಹಕೃತ್ಯವೂ ಅದಲ್ಲ. ಜೀವನೋಪಾಯವೂ ಅಲ್ಲ. ಉಳಿದದ್ದು ವಿರೋಧೀ ಹಿಂಸೆ. ಆತ್ಮರಕ್ಷಣೆಗಾಗಿ ಅನಿವಾರ್ಯವಾದದ್ದು ಎಂಬ ಅರ್ಥದಲ್ಲಿ ನಾನು ಆ ರಾತ್ರಿ ಅವನಿಗೆ ಕೊಟ್ಟ ಕ್ಷಮೆ ಇದೇ ಆಗಿತ್ತು. ಆದರೆ ಹವಳ ಅವನ ವಿರೋಧಿಯಾಗಿರಲಿಲ್ಲ. ಅದು ತನ್ನ ಮನೆಯಲ್ಲಿ ತಾನಿತ್ತು. ಅದರ ಮನೆಗೆ ಹೋದವರು ನಾವು.

ಆದ್ದರಿಂದ ಈ ನಾಲ್ಕರ ಹಿಂದಿರುವ ಮೂಲತತ್ತ್ವಕ್ಕೇ ಹೋಗಬೇಕಾಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಎಚ್ಚರ ತಪ್ಪಿದ ಮನಸ್ಸು, ಮಾತು, ಶರೀರಗಳ ವ್ಯಾಪಾರದಿಂದ ಉಂಟಾದ ಪ್ರಾಣಹಾನಿಯೇ ಹಿಂಸೆ. ಹಾಗಾದರೆ ಕೇಳಬೇಕಾದ ಪ್ರಶ್ನೆ “ಕೈ ಹವಳವನ್ನು ಹಿಡಿಯಿತೇ?” ಎಂಬುದಲ್ಲ, “ಎಚ್ಚರ ತಪ್ಪಿದ್ದು ಎಲ್ಲಿ?” ಎಂಬುದು. ಇಪ್ಪತ್ತನಾಲ್ಕು ಮೀಟರ್ ಆಳದಲ್ಲಿ ಮುಳುಗುತ್ತಿರುವವನ ಕೈಗೆ ಆಯ್ಕೆಯೇ ಇರುವುದಿಲ್ಲ. ಅದು ಸಿಕ್ಕಿದ್ದನ್ನು ಹಿಡಿಯುತ್ತದೆ. ಅಲ್ಲಿ ಪ್ರಮಾದವನ್ನು ಹುಡುಕುವುದು ವ್ಯರ್ಥ. ಪ್ರಮಾದ ನಡೆದದ್ದು ಹಿಂದಿನ ಸಂಜೆ, ನೆಲದ ಮೇಲೆ, ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಿದ್ದಾಗ. ಅಲ್ಲಿ ಆಯ್ಕೆಯಿತ್ತು. ಆ ಆಯ್ಕೆಯನ್ನು ಮಾಡಿದವನು ಮಗನಲ್ಲ, ನಾನು.

ವ್ಯಾಪಾರಸ್ಥನಾದ ನನಗೆ ಇದು ಲೆಕ್ಕದ ಭಾಷೆಯಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ. ಶಕ್ತಿ ಮೀರಿ ಸಾಲ ಮಾಡಿದ ಅಂಗಡಿ ಒಂದು ದಿನ ಬಾಗಿಲು ಹಾಕುತ್ತದೆ. ಊರವರು ಬಾಗಿಲು ಹಾಕಿದ ದಿನವನ್ನು ನೆನಪಿಡುತ್ತಾರೆ. ಆದರೆ ನಷ್ಟದ ಬೇರು ಇರುವುದು ಸಾಲಪತ್ರಕ್ಕೆ ರುಜು ಹಾಕಿದ ದಿನದ ಕೀರ್ದಿಯಲ್ಲಿ. ಪಾಪದ ಖಾತೆಗೂ ಇದೇ ಕ್ರಮ. ಕೊಂಬೆ ಮುರಿದದ್ದು ಮಂಗಳವಾರವಾದರೂ ಅದರ ಬರಹ ಸೋಮವಾರದ ಪುಟದಲ್ಲಿದೆ.

ಇನ್ನೊಂದು ಮಾತು. ಬಿ.ಕಾಂ. ತರಗತಿಯಲ್ಲಿ ನಮಗೆ ಕಲಿಸಿದ ಒಂದು ಪಾಠವಿತ್ತು. ಈಗಾಗಲೇ ಕೊಟ್ಟು ಹೋದ, ಮರಳಿ ಬಾರದ ಹಣವನ್ನು ಮುಂದಿನ ತೀರ್ಮಾನದ ಲೆಕ್ಕದಲ್ಲಿ ಸೇರಿಸಕೂಡದು. ಹೋದರೂ ಹೋಗದಿದ್ದರೂ ಆ ಹಣ ಹೋದದ್ದೇ. ಈ ಪಾಠವನ್ನು ನಾನು ಅಂಗಡಿಯ ಹುಡುಗರಿಗೆ ಎಷ್ಟೋ ಸಲ ಬೋಧಿಸಿದ್ದೇನೆ. ಮಗನ ವಿಷಯದಲ್ಲಿ ಮರೆತೆ. ಕೆಲವು ಸಾವಿರ ರೂಪಾಯಿಗಳ ಮೇಲಿನ ಲೋಭ, ಅದೂ ಕೈಬಿಟ್ಟು ಹೋದ ಹಣದ ಮೇಲಿನ ಲೋಭ, ಮಗನ ಪ್ರಾಣವನ್ನೂ ಹವಳದ ಪ್ರಾಣವನ್ನೂ ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿಟ್ಟಿತು. ಹಿಂಸೆಗೆ ಕಷಾಯವೇ ತಾಯಿಯೆಂದು ಓದುವಾಗ ನಾವು ಕ್ರೋಧವನ್ನಷ್ಟೇ ಕಲ್ಪಿಸಿಕೊಳ್ಳುತ್ತೇವೆ. ಲೋಭ ಇಷ್ಟು ಸೌಮ್ಯವಾದ ಧ್ವನಿಯಲ್ಲಿ, ಒಳ್ಳೆಯ ತಂದೆಯ ಮಾತಿನ ರೂಪದಲ್ಲಿ ಬರಬಹುದೆಂದು ನಾನು ಎಣಿಸಿರಲಿಲ್ಲ.

ಮಾಡುವುದು, ಮಾಡಿಸುವುದು, ಅನುಮೋದಿಸುವುದು — ಕೃತ, ಕಾರಿತ, ಅನುಮತ — ಈ ಮೂರರಿಂದಲೂ ಕರ್ಮಾಸ್ರವವೆಂದು ಬಾಲ್ಯದಿಂದಲೂ ಕೇಳಿದ್ದೇವೆ. ಒಬ್ಬನು ಮಾಡಿದ ಹಿಂಸೆಯ ಫಲ ಇನ್ನೊಬ್ಬನಿಗೆ ಹೇಗೆ ಅಧಿಕವಾಗಿ ಸೇರಬಹುದೆಂಬುದನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಅಂಗೈ ಕೊಯ್ದುಕೊಂಡವನು ಮಗ. ದೋಣಿಯ ನೆರಳಿನಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ನನ್ನ ಕೈಗೆ ಗಾಯವಾಗಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಹಿರಿಯರೊಬ್ಬರು ಈ ಕಥೆಯನ್ನು ಕೇಳಿ, “ಸಮುದ್ರಕ್ಕೆ ಇಳಿದದ್ದೇ ಅನರ್ಥದಂಡ. ಮನೆಯಲ್ಲಿದ್ದರೆ ಈ ಪ್ರಶ್ನೆಯೇ ಇಲ್ಲ” ಎಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಕದಡುವುದು, ಸುಮ್ಮನೆ ಅಲೆಯುವುದು ಅದರಲ್ಲಿ ಬರುತ್ತವೆ. ಆ ಹಿರಿಯರ ಮಾತನ್ನು ನಾನು ತಳ್ಳಿಹಾಕಲಾರೆ. ವ್ರತದಲ್ಲಿ ಮುಂದುವರಿದವರಿಗೆ ಅದೇ ಸರಿಯಾದ ಮಾರ್ಗ. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವವರೇ. ಹೋಗುವವನಿಗೆ “ಹೋಗಬೇಡ” ಎಂಬ ಒಂದೇ ಮಾತನ್ನು ಹೇಳಿ ಸುಮ್ಮನಾದರೆ, ಹೋದಲ್ಲಿ ಹೇಗಿರಬೇಕೆಂಬುದನ್ನು ಅವನಿಗೆ ಯಾರೂ ಹೇಳಿದಂತಾಗುವುದಿಲ್ಲ. ಜೀವಲೋಕದ ವೈವಿಧ್ಯವನ್ನು ಕಣ್ಣಾರೆ ಕಂಡವನಲ್ಲಿ ಕರುಣೆ ಹೆಚ್ಚುವ ಸಂಭವವೂ ಉಂಟು.

ಎರಡನೆಯ ಆಕ್ಷೇಪ ತರುಣರದು: “ಎರಡು ಕೊಂಬೆ ಹವಳಕ್ಕೆ ಇಷ್ಟು ಚಿಂತೆಯೇ? ಹೋಟೆಲುಗಳ ಕೊಳಚೆ, ದೋಣಿಗಳ ಲಂಗರು, ಬಿಸಿಯೇರುವ ಸಮುದ್ರ ಇದರ ಲಕ್ಷಪಟ್ಟು ನಾಶ ಮಾಡುತ್ತಿವೆ.” ನಿಜ. ಆದರೆ ಅನ್ಯರ ಸಾಲ ದೊಡ್ಡದೆಂಬ ಕಾರಣಕ್ಕೆ ನನ್ನ ಸಾಲ ತೀರುವುದಿಲ್ಲ. ಇದಲ್ಲದೆ, ಸೆಳವನ್ನು ಹಗುರವಾಗಿ ಕಂಡವರ ಪ್ರಾಣಕ್ಕೂ ಅಲ್ಲಿ ಬೆಲೆ ತೆರಬೇಕಾಗುತ್ತದೆ. ತಿಳಿದವರನ್ನೂ ಆ ನೀರು ಬಿಡುವುದಿಲ್ಲ. 2014ರ ಫೆಬ್ರವರಿಯಲ್ಲಿ ಅದೇ ದ್ವೀಪಸಮೂಹದ ಬಳಿ ನೀರಿಗಿಳಿದ ಏಳು ಮಂದಿ ಜಪಾನಿ ಮಹಿಳೆಯರು ಸೆಳವಿಗೆ ಸಿಕ್ಕಿ ಕಾಣೆಯಾದರು. ಅವರಲ್ಲಿ ನುರಿತ ಶಿಕ್ಷಕಿಯರೂ ಇದ್ದರು. ಮೂರು ದಿನಗಳ ಮೇಲೆ ಐವರು ಬಂಡೆಗಳನ್ನು ಆಶ್ರಯಿಸಿ ಜೀವದಿಂದ ಸಿಕ್ಕಿದರು. ಇಬ್ಬರು ಉಳಿಯಲಿಲ್ಲ. ಸ್ವಹಿಂಸೆಯೂ ಹಿಂಸೆಯೇ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಮಾರ್ಗವೇನು? ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವನ್ನು ನೋಡೋಣ. ಹತ್ತು ದಿಕ್ಕುಗಳಲ್ಲಿ ಇಷ್ಟೇ ದೂರ ಹೋಗುವೆನೆಂದು ಎಲ್ಲೆ ಹಾಕಿಕೊಳ್ಳುವುದೇ ಈ ವ್ರತ. ಅದರ ಐದು ಅತಿಚಾರಗಳಲ್ಲಿ ಊರ್ಧ್ವ, ಅಧೋ, ತಿರ್ಯಕ್ ಎಂದು ಮೂರು ಉಲ್ಲಂಘನೆಗಳನ್ನು ಹೇಳಿದೆ. ಕೆಳದಿಕ್ಕಿಗೂ ಎಲ್ಲೆ ಬೇಕೆಂದು ನಮ್ಮ ಆಚಾರ್ಯರು ಕಂಡಿದ್ದರು. ನಾಲ್ಕನೆಯದು ಹಾಕಿಕೊಂಡ ಕ್ಷೇತ್ರವನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದು. ಐದನೆಯದು ಎಲ್ಲೆಯನ್ನು ಮರೆತುಬಿಡುವುದು. ಹದಿನೆಂಟು ಮೀಟರಿನ ಪ್ರಮಾಣಪತ್ರ ಪಡೆದು ಇಪ್ಪತ್ತನಾಲ್ಕಕ್ಕೆ ಇಳಿದವನ ಸ್ಥಿತಿಯನ್ನು ಈ ಐದು ಶಬ್ದಗಳಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ವ್ರತದ ರಹಸ್ಯವಿರುವುದು ಅದನ್ನು ಸ್ವೀಕರಿಸುವ ಸಮಯದಲ್ಲಿ. ನೀರು ನಿಶ್ಚಲವಾಗಿರುವಾಗ, ಮನಸ್ಸು ಸ್ವಸ್ಥವಾಗಿರುವಾಗ ಎಲ್ಲೆ ಹಾಕಿಕೊಳ್ಳಬೇಕು. ಸೆಳವಿಗೆ ಸಿಕ್ಕಿದ ಮೇಲೆ ಹಾಕಿಕೊಳ್ಳುವ ಎಲ್ಲೆ ಕೈಗೆ ಸಿಕ್ಕಿದ ಹವಳದ ಕೊಂಬೆಯಂತೆ. ಅದೂ ಮುರಿಯುತ್ತದೆ, ಹಿಡಿದವನೂ ಗಾಯಗೊಳ್ಳುತ್ತಾನೆ.

ಆ ದ್ವೀಪದ ಜನರಿಂದಲೇ ಇದಕ್ಕೊಂದು ಸಾಕ್ಷ್ಯ ಸಿಕ್ಕಿತು. ಅವರು ಬಾಲಿಯ ಹಿಂದೂ ಸಂಪ್ರದಾಯದವರು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು ‘ನ್ಯೆಪಿ ಸೆಗರ’ ಎಂಬ ಆಚರಣೆಯ ವಿಷಯ ತಿಳಿಸಿದರು. ಅವರ ಪಂಚಾಂಗದ ನಾಲ್ಕನೆಯ ತಿಂಗಳ ಹುಣ್ಣಿಮೆಯ ಸಂದರ್ಭದಲ್ಲಿ ಒಂದು ದಿನ ಪೂರ್ತಿ ಸಮುದ್ರಕ್ಕೆ ಮೌನ. ದೋಣಿ ಇಳಿಯುವುದಿಲ್ಲ, ಬಲೆ ಬೀಳುವುದಿಲ್ಲ, ಪ್ರವಾಸಿಗನೂ ನೀರಿಗೆ ಇಳಿಯುವಂತಿಲ್ಲ. ವರುಣನಿಗೆ ಸಲ್ಲುವ ಗೌರವವದು. ಅದರಿಂದಾಗುವ ನಷ್ಟವನ್ನು ಅವರು ಯಾರ ಮೇಲೂ ಹೊರಿಸುವುದಿಲ್ಲ. ಆ ಸಮುದ್ರದ ಸುಮಾರು 20,000 ಹೆಕ್ಟೇರ್ ಪ್ರದೇಶವನ್ನು 2010ರಲ್ಲಿ ಅಲ್ಲಿಯ ಸ್ಥಳೀಯ ಆಡಳಿತವೇ ರಕ್ಷಿತ ಕ್ಷೇತ್ರವೆಂದು ಘೋಷಿಸಿತು. ಪ್ರವಾಸಿಗಳಿಂದ ಬದುಕುವ ಜನ ಪ್ರವಾಸಿಗಳಿಗೂ ಒಂದು ದಿನ “ಇಂದು ಇಲ್ಲ” ಎನ್ನಬಲ್ಲರು. ಕಟ್ಟಿದ ಹಣವನ್ನು ಬಿಟ್ಟುಕೊಡಲಾರದೆ ಹೋದ ನಾನು ಆ ಮಾತನ್ನು ತಲೆತಗ್ಗಿಸಿ ಕೇಳಿದೆ.

ಸಮಾಜದ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೇ. ವಿಹಾರಕ್ಕೆ ಹೊರಡುವ ಮುನ್ನವೇ ಮನೆಯವರೆಲ್ಲ ಕುಳಿತು ಎಲ್ಲೆಯನ್ನು ನಿಶ್ಚಯಿಸಲಿ: ಎಷ್ಟು ಆಳ, ಎಂಥ ನೀರು, ಯಾವ ಸ್ಥಿತಿಯಲ್ಲಿ ಹಿಂದಿರುಗುವುದು. ಕಟ್ಟಿದ ಮುಂಗಡವನ್ನು ಅಂದೇ ಖರ್ಚಿಗೆ ಬರೆದು ಮರೆಯಲಿ. ಹಿಂಜರಿದವನ ಮಾತೇ ಕೊನೆಯ ಮಾತಾಗಲಿ, ಹಿರಿಯರು ಒತ್ತಾಯಿಸದಿರಲಿ. ಸಮತೋಲವನ್ನು ಕೊಳದಲ್ಲಿ, ಮರಳಿನ ಮೇಲೆ ಪೂರ್ಣವಾಗಿ ಕಲಿಯುವವರೆಗೆ ಹವಳದ ಹತ್ತಿರ ಹೋಗದಿರಲಿ. ಯಾವ ಜೀವಿಯನ್ನೂ ಮುಟ್ಟುವುದು, ಅಟ್ಟುವುದು, ಅದಕ್ಕೆ ಆಹಾರ ಹಾಕುವುದು ಬೇಡ. ಶಂಖ, ಹವಳಗಳ ಅಲಂಕಾರ ವಸ್ತುಗಳನ್ನು ಕೊಂಡು ತರುವುದೂ ಬೇಡ.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಒಂದು ಮಾತು. “ಮುಂಗಡ ಕೊಟ್ಟಾಗಿದೆ” ಎಂಬ ವಾಕ್ಯ ನಮ್ಮ ಸಭೆಗಳಲ್ಲಿಯೂ ಎಷ್ಟೋ ವಿವೇಕದ ಮಾತುಗಳ ಬಾಯಿ ಮುಚ್ಚಿಸುತ್ತದೆ. ಸುರಿಯುವ ಮಳೆಯಲ್ಲಿ ಯಾತ್ರೆಯ ಬಸ್ಸು ಹೊರಡುವುದೂ, ನಿದ್ದೆಗೆಟ್ಟ ಚಾಲಕನನ್ನು ರಾತ್ರಿಯೇ ಓಡಿಸುವುದೂ ಈ ವಾಕ್ಯದಿಂದಲೇ. ಪಾಠಶಾಲೆಯ ಮಕ್ಕಳಿಗೆ ರಜೆಯ ಮುನ್ನ ಪ್ರಮಾದದ ಕುರಿತು ಒಂದು ಪಾಠವಾದರೆ ಉತ್ತಮ. ಸಭೆಯ ಹಿರಿಯರಿಗೂ ಅದೇ ಪಾಠವಾದರೆ ಇನ್ನೂ ಉತ್ತಮ.

ಊರಿಗೆ ಮರಳಿದ ಮೇಲೆ ಮಗನನ್ನು ಕರೆದು, ಆ ರಾತ್ರಿ ನಾನು ಕೊಟ್ಟ ಉತ್ತರ ಸರಿಯಲ್ಲವೆಂದು ಹೇಳಿದೆ. ಹಿಂಸೆ ನಡೆದಿದೆ, ಅದರಲ್ಲಿ ನಿನ್ನ ಪಾಲಿಗಿಂತ ನನ್ನ ಪಾಲು ದೊಡ್ಡದು ಎಂದೆ. ಇಬ್ಬರೂ ಕೂಡಿ ಪ್ರತಿಕ್ರಮಣ ಮಾಡಿದೆವು. ಹಣ ನಷ್ಟವಾಗುವುದೆಂಬ ಕಾರಣಕ್ಕಾಗಿ ಯಾರನ್ನೂ ಯಾವ ಕೆಲಸಕ್ಕೂ ಒತ್ತಾಯಿಸುವುದಿಲ್ಲವೆಂಬ ನಿಯಮವನ್ನು ಬಸದಿಯಲ್ಲಿ ಸ್ವೀಕರಿಸಿದೆ. ಅಂಗಡಿಯಲ್ಲಿ ಕುಳಿತಾಗ ಇದು ಉಪವಾಸಕ್ಕಿಂತ ಕಠಿಣವೆನಿಸಿದ್ದುಂಟು.

ಮಗ ಈ ಹವ್ಯಾಸವನ್ನು ಬಿಟ್ಟಿಲ್ಲ. ಬಿಡೆಂದು ನಾನೂ ಹೇಳಿಲ್ಲ. ಮುಂದಿನ ವರ್ಷ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದವನು ದೋಣಿ ಹತ್ತುವ ಮುನ್ನ ನೀರಿನ ಬಣ್ಣ ನೋಡಿ ಹಿಂದಿರುಗಿದನಂತೆ. “ಕಟ್ಟಿದ ಹಣ ಹೋಯಿತು ಅಪ್ಪಾ” ಎಂದು ದೂರವಾಣಿಯಲ್ಲಿ ತಿಳಿಸಿದ. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಹಣ ಹೋದ ಸುದ್ದಿಯನ್ನು ಸಂತೋಷದಿಂದ ಕೇಳಿದ್ದು ನನಗೆ ಅದೇ ಮೊದಲು.